ಕರಿ ಐದರ ಹಾಡುಗಾರ್ತಿ

ಹೊಸ ಕೀಬೋರ್ಡು ಮನೆಗೆ ಬಂದ ದಿನ ಅಕ್ಕ ಊಟದ ಮೇಜನ್ನೇ ಗೋಡೆಗೆ ತಳ್ಳಿ ಅದಕ್ಕೆ ಜಾಗ ಮಾಡಿದಳು. "ಇನ್ಮೇಲೆ ನಾವು ಅಡುಗೆಮನೇಲಿ ನಿಂತ್ಕೊಂಡು ತಿಂದ್ರಾಯ್ತು ಬಿಡು," ಎಂದು ತೀರ್ಪನ್ನೂ ಕೊಟ್ಟಳು. ತಮ್ಮ ಬೇಡ ಅನ್ನಲಿಲ್ಲ. ಆ ಮನೆಯಲ್ಲಿ ಅಕ್ಕನ ಮಾತಿಗೆ ಬೇಡ ಅಂದವರು ಯಾರೂ ಇಲ್ಲ. ಇರುವುದೇ ಇಬ್ಬರು, ಅದರಲ್ಲಿ ಒಬ್ಬಳು ಅಕ್ಕ.

ಅಕ್ಕನಿಗೆ ಐವತ್ತೊಂಬತ್ತು, ತಮ್ಮನಿಗೆ ನಲವತ್ತೇಳು. ಗಂಡ ಹೋದ ಮೇಲೆ ಅವಳು ತಮ್ಮನ ಮನೆಗೆ ಬಂದಳು. ತಮ್ಮನಿಗೋ ಮದುವೆಯ ಮಾತು ಬಂದಾಗಲೆಲ್ಲ ಯಾವುದಾದರೊಂದು ಕಾರ್ಯಕ್ರಮದ ತಯಾರಿ ಇರುತ್ತಿತ್ತು, ಹಾಗಾಗಿ ಅದು ಅಲ್ಲಿಗೇ ಉಳಿಯಿತು. ಅವನು ಬೆಳಗ್ಗೆಯಿಂದ ಎರಡು ಗಂಟೆಯವರೆಗೆ ಕನ್ನಡಕದಂಗಡಿಯಲ್ಲಿ ಗಾಜು ತೀಡುತ್ತಾನೆ. ಶುಕ್ರವಾರ, ಶನಿವಾರ ಸಂಜೆ ಒಂದು ಹೋಟೆಲಿನ ಊಟದ ಹಾಲಿನಲ್ಲಿ ಅಕ್ಕ ಹಾಡುತ್ತಾಳೆ, ಅವನು ನುಡಿಸುತ್ತಾನೆ. ಜನ ಉಣ್ಣುತ್ತಾ ಕೇಳುತ್ತಾರೆ, ಕೆಲವರು ಕೇಳುತ್ತಾ ಉಣ್ಣುತ್ತಾರೆ. ಅಕ್ಕನಿಗೆ ಎರಡನೆಯವರ ಮೇಲೆ ಪ್ರೀತಿ ಜಾಸ್ತಿ.

ಹಳೆಯ ಕೀಬೋರ್ಡು ಇಪ್ಪತ್ತು ವರ್ಷ ದುಡಿದು, ಒಂದು ಶನಿವಾರ ಹಾಡಿನ ನಡುವೆಯೇ ಕೈಕೊಟ್ಟಿತು. ಎಡಗೈ ಕಡೆಯ ಮನೆಗಳೆಲ್ಲ, ಅಂದರೆ ಬೆರಳಿಡುವ ಕರಿ-ಬಿಳಿ ಪಟ್ಟಿಗಳೆಲ್ಲ, ಒಮ್ಮೆಗೇ ಮೂಕವಾದವು. ಅದರ ಪರದೆಯಂತೂ ಹನ್ನೆರಡು ವರ್ಷದ ಹಿಂದೆಯೇ ಕಪ್ಪಾಗಿತ್ತು. ಯಾವ ಗುಂಡಿ ಎಷ್ಟು ಸಲ ಒತ್ತಿದರೆ ಏನಾಗುತ್ತದೆ ಅನ್ನುವುದೆಲ್ಲ ತಮ್ಮನ ಬೆರಳಿಗೆ ಬಾಯಿಪಾಠ. ಹೊಸದು ಹಾಗಲ್ಲ. ಅಂಗಡಿಯವನು ಅದನ್ನು ವರ್ಕ್‌ಸ್ಟೇಷನ್ ಎಂದು ಹತ್ತು ಸಲ ಹೇಳಿದ್ದ, ಬರೀ ಕೀಬೋರ್ಡು ಅಂದರೆ ಅವನಿಗೇ ಅವಮಾನ. ಎರಡು ಸಾವಿರ ದನಿ, ಹದಿನಾರು ವಾದ್ಯ ಒಟ್ಟಿಗೆ ಧ್ವನಿಮುದ್ರಣ ಮಾಡುವ ಸೌಕರ್ಯ, ಹೊರಗಿನ ಯಾವ ದನಿಯನ್ನಾದರೂ ಒಳಗೆ ಎಳೆದುಕೊಂಡು ಬೇಕಾದ ಹಾಗೆ ತಿದ್ದುವ ಜಾಣತನ. ನಡುವೆ ಒಂದು ಪುಸ್ತಕದಷ್ಟು ದೊಡ್ಡ, ಝಗಝಗಿಸುವ ಪರದೆ.

ಆಮೇಲೆ ಶುರುವಾಯಿತು ನೋಡಿ ಮಧ್ಯಾಹ್ನಗಳ ಕಥೆ.

ತಮ್ಮ ಅಂಗಡಿಯಿಂದ ಬಂದವನೇ ಎರಡು ತುತ್ತು ನುಂಗಿ, ಕಿವಿಗೆ ಹೆಡ್‌ಫೋನ್ ಏರಿಸಿ ಕೂತುಬಿಡುತ್ತಿದ್ದ. ಒಂದು ದನಿಯ ಹೆಸರು 'ಮಂಜಿನಾಚೆ' ಎಂಬ ಅರ್ಥದ್ದು. ಒಂದು ಮನೆ ಒತ್ತಿ ಬೆರಳು ಎತ್ತದೆ ಇದ್ದರೆ ಮೊದಲು ಏನೂ ಕೇಳುವುದಿಲ್ಲ. ಆಮೇಲೆ ಬಹಳ ದೂರದಲ್ಲಿ ಯಾರೋ ಬಾಗಿಲು ತೆರೆದ ಹಾಗೆ ಒಂದು ಸ್ವರ. ಅದರ ಹಿಂದೆ ಇನ್ನೊಂದು, ಅದರೊಳಗಿಂದ ಮತ್ತೊಂದು. ಒಂದೇ ಬೆರಳು, ಒಂದೇ ಮನೆ, ಆದರೆ ಸ್ವರ ನಿಂತಲ್ಲಿ ನಿಲ್ಲದೆ ನಿಧಾನವಾಗಿ ಬಣ್ಣ ಬದಲಿಸುತ್ತಾ ಹೋಗುತ್ತಿತ್ತು. ಕಿಟಕಿಯ ಬಿಸಿಲು ನೆಲದ ಮೇಲೆ ಒಂದು ಹಾಸುಗಲ್ಲಿನಿಂದ ಇನ್ನೊಂದಕ್ಕೆ ದಾಟುವವರೆಗೂ ಅವನು ಹಾಗೇ ಕೂತಿರುತ್ತಿದ್ದ. ಬಿಸಿಲಲ್ಲಿ ತೇಲುವ ಧೂಳಿನ ಕಣಗಳು ಆ ಸ್ವರಕ್ಕೇ ತೇಲುತ್ತಿವೆ ಎಂದು ಅವನಿಗೆ ಅನ್ನಿಸುತ್ತಿತ್ತು. ಗೋಡೆ ತೆಳ್ಳಗಾಗಿ, ಗೋಡೆಯಾಚೆಯ ಬೀದಿಯೂ ತೆಳ್ಳಗಾಗಿ, ತಾನು ಎಲ್ಲಿಯೂ ಇಲ್ಲ ಎಲ್ಲ ಕಡೆಯೂ ಇದ್ದೇನೆ ಅನ್ನುವಂಥ ಒಂದು ಸುಖ. ಬಾಗಿಲಲ್ಲಿ ಅಕ್ಕ ನಿಂತು ಏನೋ ಬೈಯುತ್ತಿದ್ದಳು. ತುಟಿ ಅಲ್ಲಾಡುತ್ತಿತ್ತು, ಕೈ ಬೀಸುತ್ತಿತ್ತು, ಕೇಳುತ್ತಿದ್ದದ್ದು ಮಾತ್ರ ಮಂಜಿನಾಚೆಯದು. ಅಷ್ಟು ಇಂಪಾಗಿ ಅಕ್ಕನ ಬೈಗುಳ ಅವನು ಯಾವತ್ತೂ ಕೇಳಿರಲಿಲ್ಲ.

ಒಂದು ದಿನ ಅವಳೇ ಅವನ ತಲೆಯಿಂದ ಹೆಡ್‌ಫೋನ್ ಕಿತ್ತು ತನ್ನ ತಲೆಗೆ ಹಾಕಿಕೊಂಡಳು. ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಾದ ಮೇಲೆ ಬೀದಿಯ ಕೊನೆಗೂ ಕೇಳುವಷ್ಟು ಜೋರಾಗಿ ಕೂಗಿದಳು.

"ಲೋ ಮರೀ! ನೀರೊಳಗೆ ಕೂತ ಹಾಗಿದೆ ಕಣೋ! ಉಸಿರೂ ಕಟ್ತಿಲ್ಲ!"

"ಮೆತ್ತಗೆ ಮಾತಾಡಕ್ಕಾ."

"ಆಂ? ಏನಂದೆ?"

ಇಬ್ಬರೂ ನಕ್ಕರು. ಅಂಥ ಮಧ್ಯಾಹ್ನಗಳು ಆ ಮನೆಗೆ ಬಂದು ಬಹಳ ದಿನವಾಗಿತ್ತು. ಆದರೆ ತಮ್ಮನ ನಗು ಅರ್ಧಕ್ಕೇ ನಿಂತಿತು. ಯಾಕೆಂದರೆ ಅಕ್ಕ ಕಣ್ಣು ತೆರೆದವಳೇ ಕನ್ನಡಕ ಮೂಗಿಗೇರಿಸಿ, ಪರದೆಯ ಮೇಲಿದ್ದ ಒಂದೊಂದೇ ಅಕ್ಷರವನ್ನು ಗಟ್ಟಿಯಾಗಿ ಓದತೊಡಗಿದ್ದಳು. ಆ ಕನ್ನಡಕದ ಗಾಜನ್ನು ತೀಡಿ ಕೊಟ್ಟವನು ಅವನೇ. ಎರಡು ತಿಂಗಳ ಹಿಂದೆ, ತುಂಬಾ ಪ್ರೀತಿಯಿಂದ, ಇರುವೆಯ ಕಾಲೂ ಕಾಣುವ ಹಾಗೆ. ಬೆಪ್ಪುತಕ್ಕಡಿ ಎಂದು ತನ್ನನ್ನೇ ಬೈದುಕೊಂಡ.

ಇನ್ನು ಗುಟ್ಟು ಹೇಳಲೇಬೇಕು.

ಅಕ್ಕ ಹಾಡುವುದು ಕರಿ ಐದರಲ್ಲಿ. ಅಂದರೆ ಕೀಬೋರ್ಡಿನ ಐದನೇ ಕರಿ ಮನೆಯೇ ಅವಳ ಷಡ್ಜ. ಹೆಂಗಸರಿಗೂ ಅದು ಎತ್ತರದ ಶ್ರುತಿಯೇ. ಅಷ್ಟು ಎತ್ತರದಲ್ಲಿ ಹಾಯಾಗಿ ಹಾಡುವವರು ಕಡಿಮೆ, ಐವತ್ತು ದಾಟಿದ ಮೇಲಂತೂ ಇನ್ನೂ ಕಡಿಮೆ. ಅಕ್ಕನಿಗೆ ಇದರ ಮೇಲೆ ಇದ್ದ ಹೆಮ್ಮೆ ಅಷ್ಟಿಷ್ಟಲ್ಲ. "ಇಪ್ಪತ್ತರಲ್ಲೂ ಕರಿ ಐದು, ಈಗ್ಲೂ ಕರಿ ಐದು. ಒಂದು ಮನೆ ಇಳಿದಿಲ್ಲ," ಎಂದು ಹೋಟೆಲಿನ ಪಾತ್ರೆ ತೊಳೆಯುವವಳಿಗೂ ಹೇಳಿಕೊಂಡಿದ್ದಳು. "ಶ್ರುತಿ ಇಳಿಸಿ ಹಾಡೋದಕ್ಕಿಂತ ಬಾಯಿ ಮುಚ್ಕೊಂಡು ಇರೋದೇ ಮರ್ಯಾದೆ. ಆ ದಿನ ಬಂದ್ರೆ ಮಾರನೇ ದಿನ ಹಾಡು ಬಿಟ್ಟೆ," ಎಂದೂ ಹೇಳುತ್ತಿದ್ದಳು. ಅಕ್ಕ ಹೇಳಿದ್ದನ್ನು ಮಾಡುವವಳು. ಪ್ರತಿ ಹಾಡಿಗೂ ಮುಂಚೆ ತಮ್ಮನ ಬಲಗೈ ಹೆಬ್ಬೆರಳಿನ ಕಡೆ ಒಮ್ಮೆ ನೋಡುತ್ತಿದ್ದಳು. ಅದು ಐದನೇ ಕರಿ ಮನೆಯ ಮೇಲಿದ್ದರೆ ತಲೆಯಾಡಿಸಿ ಶುರು ಮಾಡುತ್ತಿದ್ದಳು.

ಹನ್ನೊಂದು ವರ್ಷದ ಹಿಂದೆ ಅವಳಿಗೆ ಗಂಟಲು ನೋವು ಬಂದು ಒಂದು ತಿಂಗಳು ಮಾತೇ ನಿಂತುಹೋಗಿತ್ತು. ವಾಸಿಯಾದ ಮೇಲಿನ ಮೊದಲ ಕಾರ್ಯಕ್ರಮದಲ್ಲಿ, ಪಾಪ ಸುಸ್ತಾದೀತು ಎಂದು ತಮ್ಮ ಒಂದು ಗುಂಡಿ ಒತ್ತಿದ. ಬೆರಳು ಅದೇ ಕರಿ ಮನೆಯ ಮೇಲಿದ್ದರೂ ದನಿ ಮಾತ್ರ ಒಂದು ಮನೆ ಕೆಳಗಿನದು ಬರುವ ಏರ್ಪಾಡು ಎಲ್ಲ ಕೀಬೋರ್ಡಿನಲ್ಲೂ ಇರುತ್ತದೆ. ಒಂದು ವಾರ ಅಷ್ಟೇ, ಆಮೇಲೆ ಮೇಲೇರಿಸಿದರಾಯಿತು ಅಂದುಕೊಂಡಿದ್ದ. ಏರಿಸಲಿಲ್ಲ. ಎರಡು ವರ್ಷದ ಮೇಲೆ ಇನ್ನೊಂದು ಮನೆ ಇಳಿಸಬೇಕಾಯಿತು. ನಾಲ್ಕು ವರ್ಷದ ಹಿಂದೆ ಮೂರನೆಯದು. ಮನೆಯಲ್ಲಿ ಸಾಧನೆ ಮಾಡುವುದೂ ಅದೇ ಕೀಬೋರ್ಡಿನ ಜೊತೆ. ಹಾಗಾಗಿ ಅಕ್ಕನ ಕಿವಿಗೆ ಬೇರೆ ಸಾಕ್ಷಿಯೇ ಇರಲಿಲ್ಲ. ಹಳೆಯದು ಪ್ರತಿ ಸಲ ಆರಿಸಿ ಹಾಕಿದಾಗಲೂ ಎಲ್ಲ ಮರೆತುಬಿಡುತ್ತಿತ್ತು. ಪ್ರತಿ ಸಲವೂ ಅವನು ಆ ಗುಂಡಿಯನ್ನು ಮೂರು ಸಲ ಒತ್ತುತ್ತಿದ್ದ. "ಅದನ್ನ ಎಬ್ಬಿಸೋಕೆ ಮೂರು ಸಲ ತಟ್ಟಬೇಕು, ಮುದಿ ಯಂತ್ರ," ಎಂದು ಅಕ್ಕ ನಗುತ್ತಿದ್ದಳು. ಅವನೂ ನಗುತ್ತಿದ್ದ.

ಹೊಸದರಲ್ಲಿ ಅದೇ ಗುಂಡಿ ಒತ್ತಿದರೆ ಪರದೆಯ ಮೇಲ್ತುದಿಯಲ್ಲಿ ಹಳದಿ ಅಕ್ಷರದಲ್ಲಿ 'ಮೈನಸ್ ಮೂರು' ಎಂದು ಮೂಡಿ ಅಲ್ಲೇ ನಿಲ್ಲುತ್ತಿತ್ತು. ಹಾಡು ಮುಗಿಯುವವರೆಗೂ, ಯಾರೂ ಕೇಳದಿದ್ದರೂ, ಹೇಳುತ್ತಲೇ ಇರುತ್ತಿತ್ತು.

ಮೊದಲೆರಡು ವಾರ ಹಾಡಿನ ಪಟ್ಟಿಯ ಕಾಗದವನ್ನು ಅದರ ಮೇಲೆ ಒರಗಿಸಿ ಕಾಲ ತಳ್ಳಿದ. ಅಕ್ಕ ಕಾಗದ ಸರಿಸಿ, "ಇಷ್ಟು ಚೆಂದದ ಪರದೆಗೆ ಯಾಕೋ ಬುರ್ಖಾ ಹಾಕ್ತೀಯ?" ಅಂದಳು. ಆಗ ಅವನಿಗೆ ಇನ್ನೊಂದು ದಾರಿ ಹೊಳೆಯಿತು. ಒಂದೊಂದು ದನಿಯ ಹೊಟ್ಟೆಯೊಳಗೇ ಹೋಗಿ ಅದನ್ನು ಮೂರು ಮನೆ ಇಳಿಸಿ ಉಳಿಸಿಬಿಟ್ಟರೆ ಹೊರಗಿನ ಪರದೆ ಸೊನ್ನೆಯನ್ನೇ ತೋರಿಸುತ್ತದೆ. ಅವರು ಬಳಸುವ ದನಿಗಳು ನೂರ ಹನ್ನೆರಡು. ಒಂದೊಂದಕ್ಕೂ ಏಳೆಂಟು ನಿಮಿಷ. ಹತ್ತು ಮಧ್ಯಾಹ್ನ ಕೂತು ಅಷ್ಟನ್ನೂ ಇಳಿಸಿದ. ಕೊಳಲಿನ ಒಳಗೆ ಹೋದ, ಗಂಟೆಗಳ ಒಳಗೆ ಹೋದ, ಪಿಟೀಲುಗಳ ಗುಂಪಿನ ಒಳಗೆ ಹೋದ. ಮಂಜಿನಾಚೆಯ ಒಳಗೂ ಹೋಗಿ ನೋಡಿದ. ಅಲ್ಲಿ ಮಂಜೂ ಇರಲಿಲ್ಲ, ಆಚೆಯೂ ಇರಲಿಲ್ಲ. ಒಂದಷ್ಟು ಅಂಕಿಗಳಿದ್ದವು. ಆದರೂ ಮೇಲೆ ಬಂದು ಮನೆ ಒತ್ತಿದರೆ ಮತ್ತೆ ಅದೇ ದೂರದ ಬಾಗಿಲು ತೆರೆದುಕೊಳ್ಳುತ್ತಿತ್ತು. ಸುಳ್ಳೂ ಹೀಗೇ ಇರಬೇಕು, ಒಳಗೆ ಏನಿದ್ದರೇನು ಹೊರಗೆ ಇಂಪಾಗಿದ್ದರೆ ಆಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಪರದೆ ಸೊನ್ನೆ ತೋರಿಸಿತು. ಅಕ್ಕ ಓದಿ, "ಸೊನ್ನೆ ಅಂದ್ರೆ ಏನೂ ಇಲ್ಲ ಅಂತಾನೋ?" ಎಂದು ಕೇಳಿದಳು. "ಏನೂ ಇಲ್ಲಕ್ಕಾ," ಅಂದ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅಕ್ಕನ ಕೈಗೆ ಒಂದು ಕ್ಯಾಸೆಟ್ ಸಿಕ್ಕಿತು.

ಬೀರುವಿನ ತಳದಲ್ಲಿತ್ತು. ಇಪ್ಪತ್ತೈದು ವರ್ಷದ ಹಿಂದಿನ ದೋಣಿಯ ಹಾಡು, ತಮ್ಮನೇ ರಾಗ ಹಾಕಿದ್ದು. "ಇದನ್ನ ಇದರೊಳಗೆ ಹಾಕ್ತೀಯೇನೋ? ಹೊರಗಿನ ದನೀನೂ ಎಳ್ಕೊಳತ್ತೆ ಅಂದಿದ್ಯಲ್ಲ. ಆಗಿನ ನನ್ನ ಜೊತೆ ಈಗಿನ ನಾನು ಹಾಡ್ತೀನಿ. ನನ್ನ ಜೊತೆ ನಿಲ್ಲೋಕೆ ನಾನೇ ಸರಿ," ಎಂದಳು. ಕ್ಯಾಸೆಟ್ಟಿನ ಮೇಲೆ ಬರೆದಿದ್ದ ಇನ್ನೊಂದು ಹೆಸರು ಓದಿ ಮೂಗು ಮುರಿದಳು. "ಆ ಕಡ್ಡಿಯೂ ಇದಾಳೆ ಇದರಲ್ಲಿ. ಇರ್ಲಿ ಬಿಡು."

ಕಡ್ಡಿ ಅಂದರೆ ಅಕ್ಕನ ಜೊತೆಗಾತಿ. ಮೈಯೂ ಕಡ್ಡಿ, ದನಿಯೂ ಕಡ್ಡಿ. ಅಕ್ಕನಿಗಿಂತ ನಾಲ್ಕು ವರ್ಷ ಚಿಕ್ಕವಳು. ಇಬ್ಬರೂ ಹದಿನೇಳು ವರ್ಷ ಅಕ್ಕಪಕ್ಕ ನಿಂತು ಹಾಡಿದ್ದರು. ಎಂಟು ವರ್ಷದ ಹಿಂದೆ, ಇದೇ ಕೋಣೆಯಲ್ಲಿ, ಹಾಡು ಕೂರಿಸುವಾಗ ಕಡ್ಡಿ ಮೆಲ್ಲಗೆ ಕೇಳಿದ್ದಳು. "ಅಕ್ಕಾ, ಒಂದೇ ಒಂದು ಮನೆ ಇಳಿಸೋಣ್ವಾ? ಮೇಲಿನದು ನಂಗೆ ಮುಟ್ತಾ ಇಲ್ಲ." ಅಕ್ಕ ಸೊಂಟದ ಮೇಲೆ ಕೈಯಿಟ್ಟಳು. "ನಿನಗಿಂತ ನಾಲ್ಕು ವರ್ಷ ದೊಡ್ಡೋಳು ನಾನು. ಕರಿ ಐದರಲ್ಲಿ ಹಾಯಾಗಿ ಹಾಡ್ತಿದ್ದೀನಿ. ನಿನ್ನ ಗಂಟಲಿಗೆ ಏನೂ ಆಗಿಲ್ಲ ಕಡ್ಡಿ, ನಿನಗೆ ಮೈಗಳ್ಳತನ ಬಂದಿದೆ." ಕಡ್ಡಿ ಒಮ್ಮೆ ತಮ್ಮನ ಕಡೆ ನೋಡಿದಳು. ಅವನು ತಂತಿ ಸುತ್ತಿಡುತ್ತಾ ತಲೆ ಬಗ್ಗಿಸಿದ. ಆ ಹೊತ್ತಿಗಾಗಲೇ ಕೀಬೋರ್ಡು ಎರಡು ಮನೆ ಕೆಳಗಿತ್ತು, ಮತ್ತು ಅದು ಗೊತ್ತಿದ್ದದ್ದು ಅವನೊಬ್ಬನಿಗೇ. ಕಡ್ಡಿ ಚಪ್ಪಲಿ ಮೆಟ್ಟಿ ಹೋದವಳು ತಿರುಗಿ ಬರಲಿಲ್ಲ. ನಾಲ್ಕು ಬೀದಿ ಆಚೆ ಕಿಟಕಿ ಪರದೆ ಹೊಲಿಯುವ ಅಂಗಡಿ ಇಟ್ಟುಕೊಂಡಳು ಎಂದು ಕೇಳಿದ್ದರು. ಆಮೇಲೆ ಅವಳು ಹಾಡಿದ್ದನ್ನು ಯಾರೂ ಕೇಳಲಿಲ್ಲ.

ತಮ್ಮ ಕ್ಯಾಸೆಟ್ಟನ್ನು ಕೀಬೋರ್ಡಿನೊಳಗೆ ಇಳಿಸಿದ. ಅದು ನಿಜವಾದ ಕರಿ ಐದು. ಹಾಗೇ ಹಾಕಿದರೆ ಅಕ್ಕ ಜೊತೆಗೆ ಹಾಡುವುದು ಸಾಧ್ಯವೇ ಇಲ್ಲ. ಅರ್ಧ ನಿಮಿಷದಲ್ಲಿ ಯಂತ್ರ ಅದನ್ನೂ ಮೂರು ಮನೆ ಇಳಿಸಿಕೊಟ್ಟಿತು, ವೇಗ ಒಂದಿಷ್ಟೂ ಬದಲಾಗದ ಹಾಗೆ. ಅಕ್ಕನ ಮೊದಲ ಎರಡು ಸಾಲು ಕೇಳಿ ನೋಡಿದ. ಸ್ವಲ್ಪ ದಪ್ಪ ಅನ್ನಿಸಿತು, ಪರವಾಗಿಲ್ಲ ಅಂದುಕೊಂಡು ನಿಲ್ಲಿಸಿದ. ಮುಂದೆ ಕೇಳಬೇಕೆಂದು ಅವನಿಗೆ ತೋಚಲೇ ಇಲ್ಲ.

ಭಾನುವಾರ ಬೆಳಗ್ಗೆ ಅಕ್ಕ ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟು ಬಂದು ನಿಂತಳು. ತನ್ನ ಜೊತೆ ತಾನು ಹಾಡುವುದಲ್ಲವೇ, ಮರ್ಯಾದೆಯಾಗಿ ಇರಬೇಕು ಅಂದಳು. ಹಾಡು ಶುರುವಾಯಿತು.

"ಅಯ್ಯೋ, ಇಷ್ಟು ಗಟ್ಟಿ ದನಿ ಇತ್ತಾ ನಂದು!" ಎಂದು ಖುಷಿಯಲ್ಲಿ ಕಣ್ಣರಳಿಸಿ ಅವಳೂ ದನಿ ಸೇರಿಸಿದಳು. ಮೂವತ್ತನಾಲ್ಕರ ಅಕ್ಕ, ಐವತ್ತೊಂಬತ್ತರ ಅಕ್ಕ. ಒಬ್ಬಳು ಯಂತ್ರದೊಳಗಿಂದ, ಒಬ್ಬಳು ಕಿಟಕಿಯ ಪಕ್ಕದಿಂದ. ಎರಡೂ ದನಿ ಒಂದನ್ನೊಂದು ಮುಟ್ಟಿ, ಬಿಟ್ಟು, ಮತ್ತೆ ಮುಟ್ಟಿ ಹೋಗುತ್ತಿದ್ದವು. ಕೋಣೆಯಲ್ಲಿ ಯಾವ ವರ್ಷ ನಡೆಯುತ್ತಿದೆ ಎಂದು ಹೇಳುವುದು ಕಷ್ಟವಾಗಿತ್ತು. ಇಪ್ಪತ್ತೆರಡರ ಹುಡುಗನಾಗಿ ತಾನು ಆ ರಾಗ ಹುಡುಕುತ್ತಾ ಕೂತಿದ್ದ ಮಧ್ಯಾಹ್ನವೂ ಈ ಬೆಳಗೂ ಒಂದೇ ಬಿಸಿಲಿನಲ್ಲಿ ಇವೆ ಎಂದು ತಮ್ಮನಿಗೆ ಅನ್ನಿಸಿತು. ಹನ್ನೊಂದು ವರ್ಷ ಮಾಡಿದ್ದು ಇದಕ್ಕಾಗಿಯೇ ಎಂದು ಹಗುರವಾಗಿ ಉಸಿರು ಬಿಟ್ಟ.

ಎರಡನೇ ಚರಣಕ್ಕೆ ಕಡ್ಡಿಯ ಸರದಿ ಬಂತು.

ಅಕ್ಕನ ಬಾಯಿ ತೆರೆದದ್ದು ತೆರೆದ ಹಾಗೇ ನಿಂತಿತು. ಯಂತ್ರದೊಳಗಿಂದ ಯಾವುದೋ ಭಾರದ ಹೆಂಗಸು, ಮಂದವಾಗಿ, ನಿದ್ದೆಗಣ್ಣಿನಲ್ಲಿ ಹಾಡುತ್ತಿದ್ದಳು.

"ಇದ್ಯಾರು?"

"ಕಡ್ಡಿಯಕ್ಕ."

"ಅಲ್ಲ."

"ಹಳೇ ಕ್ಯಾಸೆಟ್ ಅಲ್ವಾ ಅಕ್ಕಾ, ಟೇಪು ಎಳೆದುಬಿಟ್ಟಿರತ್ತೆ..."

"ಸುಮ್ನಿರು. ನನ್ನ ದನಿ ಹೇಗಿತ್ತು ಅಂತ ನಂಗೊತ್ತಿಲ್ಲ ಮರಿ. ನಾನು ಅದನ್ನ ಒಳಗಿನಿಂದ ಕೇಳಿದೋಳು. ಕಡ್ಡಿ ದನಿ ನಂಗೊತ್ತು. ಹದಿನೇಳು ವರ್ಷ ಈ ಕಿವೀಲಿ ಕೇಳಿದೀನಿ. ಏನ್ ಮಾಡಿದ್ಯೋ ಅವಳಿಗೆ?"

ಇನ್ನೊಂದು ಸುಳ್ಳು ತಮ್ಮನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅಕ್ಕ ನೋಡುತ್ತಿದ್ದದ್ದು ಪರದೆಯನ್ನಲ್ಲ, ಅವನ ಮುಖವನ್ನು. "ಮೂರು ಮನೆ ಇಳಿಸಿದೀನಿ," ಅಂದ.

"ಯಾಕೆ?"

ಅವನು ಹೇಳಿದ. ಹೇಳುತ್ತಾ ಹೋದ ಹಾಗೆ ಅಕ್ಕ ಕುರ್ಚಿ ಹುಡುಕಿಕೊಂಡು ಕೂತಳು. ಎಲ್ಲ ಕೇಳಿದ ಮೇಲೆ, "ಇದ್ದಲ್ಲಿಗೆ ಏರಿಸು," ಅಂದಳು. ಏರಿಸಿದ. ಕಡ್ಡಿಯ ದನಿ ತೆಳ್ಳಗೆ, ಚುರುಕಾಗಿ, ಇಪ್ಪತ್ತೈದು ವರ್ಷ ದಾಟಿಕೊಂಡು ಬಂತು. ಅಕ್ಕ ಎದ್ದು ನಿಂತು ಹಾಡಿದಳು. ಮೊದಲ ಸಾಲು ಹೇಗೋ ದಾಟಿತು. ಎರಡನೆಯದರ ಎತ್ತರಕ್ಕೆ ಹೋದಾಗ ಗಂಟಲಿಂದ ಬರೀ ಗಾಳಿ ಬಂತು. ಮತ್ತೊಮ್ಮೆ ಹಾಡಿದಳು. ಮತ್ತೆ ಗಾಳಿ.

"ಕಡ್ಡಿ ಇಳಿಸೋಣ್ವಾ ಅಂತ ಕೇಳಿದಾಗ ಎಷ್ಟಿತ್ತು?"

"ಎರಡು ಮನೆ ಕೆಳಗಿತ್ತು."

"ನೀನು ಇಲ್ಲೇ ಕೂತಿದ್ದೆ."

"ಕೂತಿದ್ದೆ."

"ಮೈಗಳ್ಳತನ ಅಂದೆ ನಾನು ಅವಳಿಗೆ."

ಅಕ್ಕ ಕೂಗಾಡಿದ್ದರೆ ಅವನಿಗೆ ಎಷ್ಟೋ ಸುಖವಾಗಿರುತ್ತಿತ್ತು. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು, ಅಷ್ಟೇ.

ಆ ವಾರ ಆ ಮನೆಯಲ್ಲಿ ಸಾಧನೆ ಇಲ್ಲ, ಬೈಗುಳವಿಲ್ಲ. ಊಟ ಬಡಿಸುವಾಗ ಸೌಟು ಪಾತ್ರೆಗೆ ತಗಲುವ ಸದ್ದೇ ದೊಡ್ಡದು. ತಮ್ಮ ಹಗಲೆಲ್ಲ ಹೊಸ ಕೀಬೋರ್ಡಿನ ಮುಂದೆ ಕೂತು ನೂರ ಹನ್ನೆರಡು ದನಿಗಳನ್ನೂ ಒಂದೊಂದಾಗಿ ಮೊದಲಿದ್ದ ಜಾಗಕ್ಕೆ ಏರಿಸಿದ. ಯಾರೂ ಹೇಳಿರಲಿಲ್ಲ. ಅಂಗಡಿಗೆ ರಜೆ ಹಾಕಿ ಮಾಡಿದ. ಮಂಜಿನಾಚೆಯ ಸರದಿ ಬಂದಾಗ ಒಂದು ಮನೆ ಒತ್ತಿ ಕಾದ. ಸ್ವರ ಬಂತು, ಬಣ್ಣ ಬದಲಿಸಿತು, ಬೆಳೆಯಿತು, ಆದರೆ ಅವನು ಇದ್ದಲ್ಲೇ ಇದ್ದ. ಗೋಡೆ ಗೋಡೆಯೇ ಆಗಿತ್ತು. ಬಾಗಿಲಲ್ಲಿ ಯಾರೂ ನಿಂತಿರಲಿಲ್ಲ.

ಗುರುವಾರ ಅಕ್ಕ ಒಂದೇ ಒಂದು ಮಾತಾಡಿದಳು. "ನನ್ನ ಶ್ರುತಿ ಇಳೀತು, ವಯಸ್ಸಾಯ್ತು, ಹಾಡು ಬಿಟ್ಟೆ. ಅದೇನು ದೊಡ್ಡದಲ್ಲ. ಅವಳ ಹಾಡು ನಾನು ಕಿತ್ಕೊಂಡೆನಲ್ಲೋ."

ಶುಕ್ರವಾರ ಹೋಟೆಲಿನಲ್ಲಿ ಅವನು ಒಬ್ಬನೇ ನುಡಿಸಿದ. ಅಕ್ಕನಿಗೆ ಹುಷಾರಿಲ್ಲ ಎಂದು ಮ್ಯಾನೇಜರನಿಗೆ ಹೇಳಿದ. ಮುಂದಿನ ವಾರವೂ ಇದೇ ಮಾತು ಹೇಳಬೇಕು, ಅದರ ಮುಂದಿನ ವಾರವೂ. ಹಾಡದ ಅಕ್ಕ ಎಂದರೆ ಏನು ಎಂದು ಅವನಿಗೆ ಗೊತ್ತೇ ಇರಲಿಲ್ಲ. ಅವನು ಮಾತು ಕಲಿಯುವ ಮುಂಚೆ ಕೇಳಿದ್ದು ಅವಳ ಹಾಡು. ಶನಿವಾರ ಮಧ್ಯಾಹ್ನ ಅಂಗಡಿಯಿಂದ ಮನೆಗೆ ಬರಬೇಕಾದವನು ನಾಲ್ಕು ಬೀದಿ ಆಚೆ ನಡೆದ.

ಕಡ್ಡಿ ಹೊಲಿಗೆ ಯಂತ್ರದ ಮುಂದೆ ಕೂತು ಹಸಿರು ಪರದೆಯ ಅಂಚು ಮಡಿಸುತ್ತಿದ್ದಳು. ತಲೆ ಬೆಳ್ಳಗಾಗಿತ್ತು. ತುಟಿಗಳ ನಡುವೆ ಗುಂಡುಸೂಜಿಗಳಿದ್ದವು. ಅವನನ್ನು ನೋಡಿ ಬೆಚ್ಚಲೂ ಇಲ್ಲ, ನಗಲೂ ಇಲ್ಲ, ಗದ್ದದಿಂದ ಸ್ಟೂಲು ತೋರಿಸಿದಳು. ಅಂಗಡಿಯ ತುಂಬ ಪರದೆಗಳು ನೇತಾಡುತ್ತಿದ್ದವು. ಬೀಸುಗಾಳಿಗೆ ಒಂದೊಂದೇ ಉಬ್ಬಿ, ಇಳಿದು, ಮತ್ತೆ ಉಬ್ಬುತ್ತಿದ್ದವು. ಅವುಗಳ ನಡುವೆ ಕೂತು, ಕನಸಿನಲ್ಲಿ ಯಾರಿಗೋ ಹೇಳುವ ಹಾಗೆ, ಹನ್ನೊಂದು ವರ್ಷದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದ.

ಕಡ್ಡಿ ಬಾಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದಳು. "ಗೊತ್ತಿತ್ತು," ಅಂದಳು.

"ಏನು?"

"ಆ ದಿನ ಮನೆಗೆ ಹೋಗಿ ಹಾರ್ಮೋನಿಯಂ ತೆಗೆದು ನೋಡಿದೆ. ನಾವು ಹಾಡ್ತಿದ್ದಿದ್ದು ಕರಿ ನಾಲ್ಕು. ಎರಡು ಮನೆ ಕೆಳಗೆ. ಅದೂ ನಂಗೆ ಮುಟ್ತಿರ್ಲಿಲ್ಲ."

"ಮತ್ತೆ ಯಾಕೆ ಹೇಳ್ಲಿಲ್ಲ ಕಡ್ಡಿಯಕ್ಕಾ? ನಿನ್ನನ್ನ ಅಷ್ಟು ಮಾತಂದ್ಲು."

"ಹೇಳಿದ್ರೆ ಮಾರನೇ ದಿನ ಹಾಡು ಬಿಡ್ತಿದ್ಲು. ಅವಳು ಹೇಳಿದ್ದು ಮಾಡೋಳು. ನಂದಂತೂ ಹೋಯ್ತು, ಒಬ್ಬಳಾದ್ರೂ ಹಾಡ್ಲಿ ಅಂದ್ಕೊಂಡೆ."

"ಸಿಟ್ಟು ಬರ್ಲಿಲ್ವಾ?" ಎಂದು ತಮ್ಮ ಕೇಳಿದ.

"ಬಂತು. ಅವಳ ಮೇಲಲ್ಲ. ಅವಳಿಗೆ ಗೊತ್ತಿರ್ಲಿಲ್ಲ, ಪಾಪ. ನಿನ್ನ ಮೇಲೆ ಬಂತು. ನಾನು ನಿನ್ನ ಮುಖ ನೋಡಿದೆ, ನೀನು ತಂತಿ ನೋಡಿದೆ. ನಾನು ಬಾಯಿ ಮುಚ್ಚಿದ್ದು ಅವಳಿಗೋಸ್ಕರ. ನೀನು ಮುಚ್ಚಿದ್ದು ನಿನಗೋಸ್ಕರ."

ಅವನ ಕಣ್ಣು ತುಂಬಿ ಬಂತು. ಹೌದು ಎಂದು ತಲೆಯಾಡಿಸಿದ. ಇಷ್ಟು ವರ್ಷ ಅದನ್ನು ಅಕ್ಕನ ಮೇಲಿನ ಪ್ರೀತಿ ಎಂದು ಕರೆದುಕೊಂಡಿದ್ದ. ಪ್ರೀತಿಯೂ ಇತ್ತು, ಸುಳ್ಳಲ್ಲ. ಅದರ ಜೊತೆಗೆ ಹೆದರಿಕೆಯೂ ಇತ್ತು, ಅದಕ್ಕೆ ಮಾತ್ರ ಅವನು ಹೆಸರಿಟ್ಟಿರಲಿಲ್ಲ.

"ಈಗ ಹಾಡ್ತಾಳಾ?"

"ಇಲ್ಲ. ಭಾನುವಾರದಿಂದ ಬಾಯಿ ತೆರೆದಿಲ್ಲ."

ಕಡ್ಡಿ ಪರದೆಯನ್ನು ಮಡಿಸಿಟ್ಟಳು. ಫ್ಯಾನು ಆರಿಸಿದಳು. ಷಟರ್ ಎಳೆಯುತ್ತಾ, "ನಡಿ," ಅಂದಳು.

ಅಕ್ಕ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದಳು. ಬಾಗಿಲಲ್ಲಿ ಕಡ್ಡಿಯನ್ನು ನೋಡಿ ಎದ್ದು ನಿಂತಳು, ಕೈಯಲ್ಲಿ ಚಾಕು ಹಾಗೇ ಇತ್ತು.

"ಚಾಕು ಕೆಳಗಿಡಕ್ಕಾ, ಹೆದ್ರಿಕೆ ಆಗತ್ತೆ," ಅಂದಳು ಕಡ್ಡಿ. "ಒಂದು ಲೋಟ ನೀರು ಕೊಡು. ಬಿಸಿಲಲ್ಲಿ ನಡೆದು ಬಂದಿದೀನಿ."

ಅಕ್ಕ ನೀರು ಕೊಟ್ಟಳು. ಕಡ್ಡಿ ಕುಡಿದು ಮುಗಿಸುವವರೆಗೂ ಕಾದು, "ತಪ್ಪಾಯ್ತು ಕಣೇ," ಅಂದಳು. "ಹೊಟ್ಟೆಗೆ ಹಾಕ್ಕೋ." ಅಕ್ಕ ಯಾರಿಗಾದರೂ ತಪ್ಪಾಯ್ತು ಅಂದದ್ದನ್ನು ತಮ್ಮ ಕೇಳಿದ್ದು ಅದೇ ಮೊದಲು.

"ಆಯ್ತು ಆಯ್ತು. ಎಲ್ಲಿ ಆ ಹೊಸ ಯಂತ್ರ? ಇವನು ದಾರಿಯುದ್ದಕ್ಕೂ ಅದನ್ನೇ ಹೊಗಳ್ತಿದ್ದ."

"ನಾನು ಹಾಡಲ್ಲ ಕಡ್ಡಿ. ಬಿಟ್ಟೆ."

"ನಿನ್ನ ಹಾಡು ಕೇಳೋಕೆ ಯಾರು ಬಂದ್ರು? ನಂಗೆ ಎಂಟು ವರ್ಷ ಆಯ್ತು ಹಾಡಿ. ಒಬ್ಬಳೇ ಹಾಡೋಕೆ ಹೆದ್ರಿಕೆ. ಪಕ್ಕದಲ್ಲಿ ನಿಂತ್ಕೋ, ಸಾಕು."

ಅಕ್ಕ ನಿಂತುಕೊಂಡಳು. ತಮ್ಮ ಕೀಬೋರ್ಡು ಹಾಕಿದ. ಕಡ್ಡಿ ಪರದೆಯ ಮುಂದೆ ಬಗ್ಗಿ, ಎಷ್ಟು ಇಳಿಸಬಹುದು ಎಂದು ಕೇಳಿದಳು. ಹನ್ನೆರಡು ಮನೆ ಎಂದ. "ಅಷ್ಟೆಲ್ಲ ಬೇಡ, ಪಾತಾಳಕ್ಕೆ ಹೋಗಲ್ಲ ನಾವು," ಎಂದು ನಕ್ಕಳು. ಮೂರರಲ್ಲಿ ನೋಡಿದಳು, ನಾಲ್ಕರಲ್ಲಿ ನೋಡಿದಳು. ಐದರಲ್ಲಿ ನಿಲ್ಲಿಸಿದರು. ಹಳದಿ ಅಕ್ಷರ ಪರದೆಯ ತುದಿಯಲ್ಲಿ ಮೂಡಿತು. ಮೂವರೂ ಅದನ್ನು ಓದಿದರು. ಅಕ್ಕ ಈ ಸಲ ತಮ್ಮನ ಹೆಬ್ಬೆರಳಿನ ಕಡೆ ನೋಡಲಿಲ್ಲ.

ದೋಣಿಯ ಹಾಡು ಶುರುವಾಯಿತು. ಕಡ್ಡಿಯ ಗಂಟಲು ತುಕ್ಕು ಹಿಡಿದಿತ್ತು, ಮೊದಲ ಸಾಲಿನಲ್ಲೇ ಎರಡು ಕಡೆ ತಡವರಿಸಿತು. ಬಿಡಲಿಲ್ಲ, ಹಾಡಿದಳು. ಎರಡನೇ ಸಾಲಿಗೆ, ತಾನು ಹಾಡುತ್ತಿದ್ದೇನೆಂಬ ಅರಿವೇ ಇಲ್ಲದೆ, ಅಕ್ಕ ಸೇರಿಕೊಂಡಳು. ತಮ್ಮ ಉಸಿರು ಬಿಗಿಹಿಡಿದು ನುಡಿಸಿದ. ಕಿಟಕಿಯಾಚೆ ಮಧ್ಯಾಹ್ನದ ಬಿಸಿಲು, ಬೀದಿಯ ಸದ್ದು, ಎಲ್ಲ ಯಾವುದೋ ದಡದಲ್ಲಿ ಉಳಿದು ಕೋಣೆಯೊಂದೇ ಮೆಲ್ಲಗೆ ಸಾಗುತ್ತಿತ್ತು. ಹಾಡು ಎತ್ತರಕ್ಕೆ ಏರಿತು. ಅಕ್ಕನ ದನಿ ಆರಾಮಾಗಿ ಹೋಗಿ ಮೇಲೆ ನಿಂತಿತು. ಕಡ್ಡಿಯದು ಏರಲಾರದೆ ಸಣ್ಣಗಾಗಿ, ಸೋತು, ಸುಮ್ಮನಾಯಿತು. ಆದರೂ ಅವಳು ತುಟಿ ಅಲ್ಲಾಡಿಸುತ್ತಲೇ ಇದ್ದಳು.

ಅಕ್ಕ ಕೈಯೆತ್ತಿ ನಿಲ್ಲಿಸಿದಳು.

"ಮರಿ, ಇನ್ನೊಂದು ಮನೆ ಇಳಿಸು. ಅವಳಿಗೆ ಮೇಲಿನದು ಮುಟ್ತಿಲ್ಲ."

"ಇನ್ನೂ ಇಳಿಸಿದ್ರೆ ಕೆಳಗಿನ ಸಾಲು ನಿಂಗೆ ಸಿಗಲ್ಲ ಅಕ್ಕಾ."

"ಸಿಗದಿದ್ರೆ ಅಲ್ಲಿ ನಾನು ಸುಮ್ನಿರ್ತೀನಿ," ಅಂದಳು ಅಕ್ಕ. "ಅಲ್ಲಿ ಅವಳು ಹಾಡ್ಕೋತಾಳೆ."

ಅವನು ಇಳಿಸಿದ. ಕಡ್ಡಿ ಗಂಟಲು ಸರಿಮಾಡಿಕೊಂಡಳು.